ನಮ್ಮ ಹುಡುಗ ಗಾಡೀಲೇ ಕೂತಿದ್ದ: ದರೋಡೆಗೆ ಹೋಗಿ ಕೊಲೆಯಾದರೆ ಯಾರ ಮೇಲೆ ಎಷ್ಟು, ಲೆಕ್ಕ ಹಾಕುವ ಬಗೆ

ನನ್ನ ಆಫೀಸು ತುಮಕೂರು ಕೋರ್ಟಿನ ಹತ್ತಿರ, ಒಂದು ಜೆರಾಕ್ಸ್ ಅಂಗಡಿಯ ಮೇಲೆ. ಮೆಟ್ಟಿಲು ಕಡಿದು. ಅದನ್ನು ಹತ್ತಿ ಬಂದು, ಏದುಸಿರು ಬಿಡುತ್ತಾ ಕೂತ ತಾಯಂದಿರು ಹೇಳುವ ಮೊದಲ ಮಾತು 19 ವರ್ಷದಿಂದ ಒಂದೇ. "ಮೇಡಮ್ಮಾ, ನಮ್ ಹುಡುಗ ಒಳಗೆ ಹೋಗಲೇ ಇಲ್ಲ. ಗಾಡೀಲೇ ಕೂತಿದ್ದ."

ಇರಬಹುದು. ಆದರೆ ಆ ಮಾತು ಕೆಲವು ಸಲ ಹುಡುಗನನ್ನು ಉಳಿಸುತ್ತದೆ, ಕೆಲವು ಸಲ ಮುಳುಗಿಸುತ್ತದೆ. ನಾನು ಜೂನಿಯರ್ ಆಗಿದ್ದಾಗ ಒಂದು ಜಾಮೀನು ಅರ್ಜಿಯಲ್ಲಿ ಇದೇ ಮಾತನ್ನು ಹಿಡಿದುಕೊಂಡು ಹತ್ತು ನಿಮಿಷ ವಾದ ಮಾಡಿದೆ. ಸ್ವಾಮಿ, ನಮ್ಮ ಕಕ್ಷಿದಾರ ಡ್ರೈವರ್, ಕೆಳಗೆ ಇಳಿದೇ ಇಲ್ಲ, ರಕ್ತ ನೋಡಿಲ್ಲ. ಜಡ್ಜ್ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಎಂಜಿನ್ ಆನ್ ಇತ್ತೇನಮ್ಮಾ?" ನನಗೆ ಗೊತ್ತಿರಲಿಲ್ಲ. ಫೈಲನ್ನು ಸರಿಯಾಗಿ ಓದಿರಲಿಲ್ಲ. ಇತ್ತು, ಮೂರನೇ ಸಾಕ್ಷಿಯ ಹೇಳಿಕೆಯಲ್ಲಿ ಬರೆದಿತ್ತು. ಅರ್ಜಿ ವಜಾ ಆಯಿತು.

ಹಾಗಾಗಿ ಈ ಬರಹ, ಚಾರ್ಜ್‌ಶೀಟಿನ ಪ್ರತಿ ಕೈಯಲ್ಲಿ ಹಿಡಿದು ಏನೂ ಅರ್ಥವಾಗದೆ ಕೂತಿರುವ ಮನೆಯವರಿಗೆ. ಲಾ ಓದುವ ಹುಡುಗರಿಗೂ ಉಪಯೋಗವಾದೀತು. ಇದನ್ನು ಓದಿ ನೀವೇ ಕೇಸು ನಡೆಸಬೇಡಿ. ನಿಮ್ಮ ವಕೀಲರನ್ನು ಸರಿಯಾದ ಪ್ರಶ್ನೆ ಕೇಳುವಷ್ಟು ಗೊತ್ತಾದರೆ ಸಾಕು.

ಒಂದು ಕಟ್ಟುಕತೆ ಇಟ್ಟುಕೊಳ್ಳೋಣ. ಯಾರ ಕೇಸೂ ಅಲ್ಲ ಇದು. ತಿಪಟೂರು ಕಡೆ ಒಂದು ತೋಟದ ಮನೆ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಕೊಬ್ಬರಿ ಮಾರಿದ ದುಡ್ಡು ಬೀರುವಿನಲ್ಲಿದೆ ಅಂತ ಅದೇ ತೋಟದಲ್ಲಿ ಹಿಂದೆ ಕೂಲಿಗಿದ್ದವನೊಬ್ಬ ಹೇಳುತ್ತಾನೆ. ಅವನನ್ನು ಎ6 ಅನ್ನೋಣ, ಅಂದರೆ ಆರನೇ ಆರೋಪಿ. ಯೋಜನೆ ಹಾಕಿದವನು ಎ1, ಮಚ್ಚು ತಂದವನೂ ಅವನೇ. ಅವನ ಜೊತೆ ಒಳಗೆ ಹೋದವರು ಎ2, ಎ3. ಗೇಟಿನ ಹತ್ತಿರ ನಿಂತು ಯಾರಾದರೂ ಬರುತ್ತಾರಾ ನೋಡುತ್ತಿದ್ದವನು ಎ4. ರಸ್ತೆಯಲ್ಲಿ ಓಮ್ನಿ ಇಟ್ಟುಕೊಂಡು ಕೂತವನು ಎ5. ಎ6 ಆ ರಾತ್ರಿ ತನ್ನ ಮನೆಯಲ್ಲಿ ಮಲಗಿದ್ದ. ಎ7, ಮಾರನೇ ದಿನ ಬಳೆ ಕೊಂಡುಕೊಂಡವನು. ಮಾತಾಗಿದ್ದು ಏನೆಂದರೆ ಮಚ್ಚು ತೋರಿಸುವುದು, ಕೈ ಕಟ್ಟುವುದು, ದುಡ್ಡು ತರುವುದು, ಅಷ್ಟೇ. ಆದರೆ ಅಜ್ಜ ಕೂಗಿಕೊಂಡರು. ಎ1 ಮಚ್ಚು ಬೀಸಿದ. ಅಜ್ಜ ಉಳಿಯಲಿಲ್ಲ.

ಬೀಸಿದ ಕೈ ಒಂದು. ಚಾರ್ಜ್‌ಶೀಟಿನಲ್ಲಿ ಏಳು ಹೆಸರು. ಈಗ ಲೆಕ್ಕ ಶುರು ಮಾಡೋಣ.

ಮೊದಲು ತಾರೀಖು ನೋಡಿ. ಘಟನೆ 2024ರ ಜುಲೈ 1ಕ್ಕೆ ಮೊದಲು ನಡೆದಿದ್ದರೆ ಹಳೇ ಐಪಿಸಿ, ಅಂದಿನಿಂದ ಮುಂದಕ್ಕಾದರೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್. ನಂಬರ್ ಬದಲಾಗಿದೆ ಅಷ್ಟೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಕಡೆ ನಿಜ. ಆದರೆ ನಮ್ಮ ಈ ವಿಷಯದಲ್ಲಿ ಒಂದು ಕಡೆ ಶಿಕ್ಷೆಯೇ ಬದಲಾಗಿದೆ. ಅದು ಗಾಡಿಯಲ್ಲಿ ಕೂತ ಹುಡುಗನಿಗೇ ಜಾಸ್ತಿ ತಟ್ಟುತ್ತದೆ. ಸ್ವಲ್ಪ ಮುಂದೆ ಹೇಳುತ್ತೇನೆ.

ಆಮೇಲೆ ತಲೆ ಎಣಿಸಿ. ನಮ್ಮ ಸೀನಿಯರ್ ಇಂಥ ಫೈಲು ಕೈಗೆ ಬಂದರೆ ಮೊದಲು ಓದುತ್ತಿರಲಿಲ್ಲ, ಪೆನ್ಸಿಲ್ ಹಿಡಿದು ಎಣಿಸುತ್ತಿದ್ದರು. ಯಾಕೆಂದರೆ ಈ ಕಾನೂನು ನಾಲ್ಕು ಮತ್ತು ಐದರ ನಡುವೆ ಒಂದು ಗೋಡೆ ಎಬ್ಬಿಸಿದೆ. ಪೇಪರಿನವರು ಎಲ್ಲದಕ್ಕೂ ದರೋಡೆ ಅಂತಲೇ ಬರೆಯುತ್ತಾರೆ. ಕಾನೂನಿಗೆ ಅವು ಎರಡು ಬೇರೆ. ನಾಲ್ಕು ಜನರವರೆಗೆ ಮಾಡಿದರೆ ಅದು ಸುಲಿಗೆ. ಐದು ಅಥವಾ ಜಾಸ್ತಿ ಜನ ಸೇರಿ ಮಾಡಿದರೆ ಡಕಾಯಿತಿ. ನಾನು ಇಲ್ಲಿ ಈ ಎರಡು ಪದವನ್ನೇ ಬಳಸುತ್ತೇನೆ, ಗೊಂದಲ ಬೇಡ.

ಐದು ತಲೆ ಆಯಿತೋ, ಬಿಎನ್‌ಎಸ್ 310(3) ಬಂದು ಕೂರುತ್ತದೆ. ಹಳೇ ಐಪಿಸಿಯಲ್ಲಿ ಇದೇ 396. ಡಕಾಯಿತಿ ಮಾಡುತ್ತಿರುವ ಐದು ಜನರಲ್ಲಿ ಯಾರೇ ಒಬ್ಬ ಆ ಕೆಲಸದ ನಡುವೆ ಕೊಲೆ ಮಾಡಿದರೂ ಅಲ್ಲಿದ್ದ ಪ್ರತಿಯೊಬ್ಬನಿಗೂ ಅದೇ ಶಿಕ್ಷೆ ಅನ್ನುತ್ತದೆ ಆ ಕಲಂ. ಪ್ರತಿಯೊಬ್ಬನಿಗೂ. ಕೊಲ್ಲುವ ಯೋಚನೆ ಇತ್ತಾ, ಮಚ್ಚು ಬೀಸುವುದು ಗೊತ್ತಿತ್ತಾ, ಅಜ್ಜ ಬಿದ್ದಾಗ ಇವನು ಅಳುತ್ತಿದ್ದನಾ, ಇದನ್ನೆಲ್ಲ ಅಪರಾಧ ಸಾಬೀತು ಮಾಡುವಾಗ ಕೇಳುವುದೇ ಇಲ್ಲ. ಡಕಾಯಿತಿಯಲ್ಲಿ ಇದ್ದನಾ ಅಂತ ಮಾತ್ರ ಕೇಳುತ್ತದೆ. ಅತ್ತಿದ್ದು, ಹೆದರಿದ್ದು ಶಿಕ್ಷೆ ಎಷ್ಟು ಅಂತ ನಿರ್ಧರಿಸುವಾಗ ಉಪಯೋಗಕ್ಕೆ ಬರಬಹುದು, ಅಷ್ಟೇ.

ಇಲ್ಲಿ ಬರುತ್ತದೆ ನಾನು ಹೇಳಿದ ಬದಲಾವಣೆ. 396ರಲ್ಲಿ ಮರಣದಂಡನೆ, ಜೀವಾವಧಿ, ಇಲ್ಲವೇ 10 ವರ್ಷದವರೆಗೆ ಕಠಿಣ ಸಜೆ ಅಂತ ಇತ್ತು. 10 ವರ್ಷ ಮೇಲಿನ ಮಿತಿ. ಜಡ್ಜ್‌ಗೆ ಮನಸ್ಸು ಬಂದರೆ ಡ್ರೈವರ್ ಹುಡುಗನಿಗೆ ಐದೋ ಏಳೋ ವರ್ಷ ಕೊಡುವ ದಾರಿ ಇತ್ತು. 310(3)ರಲ್ಲಿ 10 ವರ್ಷಕ್ಕೆ ಕಡಿಮೆ ಇಲ್ಲದಂತೆ ಅಂತ ಬರೆದಿದ್ದಾರೆ. ಚಾವಣಿ ಇದ್ದದ್ದು ನೆಲವಾಗಿದೆ. 2024ರ ಜೂನ್ 30ರ ರಾತ್ರಿ ಮತ್ತು ಜುಲೈ 1ರ ರಾತ್ರಿಯ ನಡುವೆ ಇಷ್ಟು ಅಂತರ. ತಾರೀಖು ಮೊದಲು ನೋಡಿ ಅಂದದ್ದು ಇದಕ್ಕೇ.

ಹಾಗಾದರೆ ಐದನೇ ತಲೆ ಯಾವುದು? ನಮ್ಮ ಕಟ್ಟುಕತೆಯಲ್ಲಿ ಏಳು ಹೆಸರಿವೆ ಅಂತ ಏಳು ಎಣಿಸಬೇಡಿ. ಡಕಾಯಿತಿಯ ಲೆಕ್ಕಕ್ಕೆ ಬರುವವರು ಎರಡು ಥರದವರು. ಕೆಲಸ ಮಾಡುತ್ತಿರುವವರು ಒಂದು. ಸ್ಥಳದಲ್ಲಿ ಹಾಜರಿದ್ದು ಸಹಾಯ ಮಾಡುತ್ತಿರುವವರು ಇನ್ನೊಂದು. ಹಾಜರಿದ್ದು ಅನ್ನುವ ಮಾತು ಗಮನಿಸಿ. ಸುಳಿವು ಕೊಟ್ಟು ಮನೆಯಲ್ಲಿ ಮಲಗಿದ್ದ ಎ6 ಈ ಎಣಿಕೆಗೆ ಬರುವುದಿಲ್ಲ. ಮಾರನೇ ದಿನ ಬಳೆ ಕೊಂಡ ಎ7 ಬರುವುದಿಲ್ಲ. ಅವರಿಗೆ ಬೇರೆ ಕಲಂ ಇವೆ. ಗೇಟಿನಲ್ಲಿ ನಿಂತ ಎ4 ಬರುತ್ತಾನೆ, ಅದರಲ್ಲಿ ಅನುಮಾನವಿಲ್ಲ.

ಎ5? ಇದೇ ಇಡೀ ಕೇಸಿನ ಕೀಲು. ಓಮ್ನಿ ಗೇಟಿನ ಎದುರೇ, ಮುಖ ಹೈವೇ ಕಡೆಗೆ ತಿರುಗಿಸಿ, ಎಂಜಿನ್ ಆನ್ ಇಟ್ಟು ನಿಂತಿದ್ದರೆ ಅವನು ಹಾಜರಿದ್ದ, ಸಹಾಯ ಮಾಡುತ್ತಿದ್ದ. ಐದನೇ ತಲೆ ಅವನೇ. ಮೂರು ಕಿಲೋಮೀಟರ್ ಆಚೆ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಫೋನ್ ಬಂದಾಗ ಬಾ ಅಂದಿದ್ದರೆ? ಆಗ ಹಾಜರಿದ್ದ ಅನ್ನುವುದರ ಮೇಲೆ ನಿಜವಾದ ವಾದ ಮಾಡಬಹುದು. ಆ ವಾದ ಗೆದ್ದರೆ ಲಾಭ ಎ5ಗೆ ಮಾತ್ರ ಅಲ್ಲ. ತಲೆ ನಾಲ್ಕಕ್ಕಿಳಿಯುತ್ತದೆ, 310(3) ಎಲ್ಲರ ಮೇಲಿಂದಲೂ ಬಿದ್ದು ಹೋಗುತ್ತದೆ. ಗಾಡಿ ಎಷ್ಟು ದೂರ ನಿಂತಿತ್ತು ಅನ್ನುವ ಒಂದು ಸಾಲು ಐದು ಮನೆಗಳ ಹಣೆಬರಹ ಬದಲಿಸಬಹುದು. ಆದ್ದರಿಂದ ಸ್ಥಳ ಮಹಜರು ಮತ್ತು ನಕ್ಷೆ ತೆಗೆದುಕೊಳ್ಳಿ. ಗಾಡಿ ನಿಂತ ಜಾಗ ಅಂತ ಗುರುತು ಹಾಕಿದ್ದಾರಾ? ಗೇಟಿನಿಂದ ಎಷ್ಟು ಅಡಿ ಅಂತ ಬರೆದಿದ್ದಾರಾ? ಟೈರಿನ ಗುರುತು ತೆಗೆದಿದ್ದಾರಾ? ಟವರ್ ಲೊಕೇಶನ್ ಏನು ಹೇಳುತ್ತದೆ? ಹಳ್ಳಿ ಕಡೆ ಒಂದೊಂದು ಟವರ್ ಹಲವು ಕಿಲೋಮೀಟರ್ ಸುತ್ತಳತೆಗೆ ಸಿಗ್ನಲ್ ಕೊಡುತ್ತದೆ. ಅದೊಂದನ್ನೇ ನೋಡಿ ಗೇಟಿನ ಎದುರೇ ಇದ್ದ ಅನ್ನಲು ಬರುವುದಿಲ್ಲ.

ಎಣಿಕೆಯಲ್ಲಿ ಇನ್ನೂ ಒಂದು ತೊಡಕು ಇದೆ. ಸಿಕ್ಕಿಬಿದ್ದವರು ಮೂರೇ ಜನ ಅಂತ ಖುಷಿ ಪಡಬೇಡಿ. ತಲೆಮರೆಸಿಕೊಂಡವರು, ಹೆಸರೇ ಗೊತ್ತಾಗದವರೂ ಎಣಿಕೆಗೆ ಬರುತ್ತಾರೆ. ಐದು ಜನ ಇದ್ದರು ಅಂತ ಸಾಕ್ಷಿಯಿಂದ ಸಾಬೀತಾದರೆ ಒಬ್ಬನನ್ನೇ ಹಿಡಿದಿದ್ದರೂ ಅವನ ಮೇಲೆ ಡಕಾಯಿತಿ ನಿಲ್ಲುತ್ತದೆ. ಉಲ್ಟಾನೂ ಇದೆ. ಪೊಲೀಸರು ಇವರೇ ಐವರು, ಬೇರೆ ಯಾರೂ ಇಲ್ಲ ಅಂತ ಹೆಸರು ಸಮೇತ ಕಟ್ಟಿಹಾಕಿಕೊಂಡಿದ್ದರೆ, ಅದರಲ್ಲಿ ಇಬ್ಬರು ಖುಲಾಸೆಯಾದರೆ, ಉಳಿದ ಮೂವರ ಮೇಲೆ ಡಕಾಯಿತಿ ನಿಲ್ಲಿಸುವುದು ಕಷ್ಟ. ದೂರಿನಲ್ಲಿ ಅಜ್ಜಿ ನಾಲ್ಕೈದು ಜನ ಅಂತ ಹೇಳಿದ್ದರೆ ಅದಕ್ಕೆ ಕೆಂಪು ಗೆರೆ ಎಳೆಯಿರಿ. ನಾಲ್ಕೈದು ಅನ್ನುವುದು ಮಾತಿನಲ್ಲಿ ಒಂದೇ ಪದ, ಕೋರ್ಟಿನಲ್ಲಿ ಎರಡು.

ಮುಂದಿನದು, ಆದದ್ದು ಕೊಲೆಯೇ ಹೌದಾ ಅಂತ ನೋಡುವುದು. 310(3)ರಲ್ಲಿ ಸಾವು ಅಂತ ಬರೆದಿಲ್ಲ, ಕೊಲೆ ಅಂತ ಬರೆದಿದೆ. ಮಚ್ಚು ಕತ್ತಿನ ಮೇಲೆ ಬಿದ್ದರೆ ವಾದ ಮಾಡಲು ಏನಿಲ್ಲ. ಆದರೆ ಇಂಥ ಕೇಸುಗಳಲ್ಲಿ ನಾನು ಎಷ್ಟೋ ಸಲ ನೋಡಿರುವುದು ಬಾಯಿಗೆ ಬಟ್ಟೆ ತುರುಕಿ, ಕೈಕಾಲು ಕಟ್ಟಿ ಹೋಗಿರುತ್ತಾರೆ. ವಯಸ್ಸಾದವರು ಬೆಳಗ್ಗೆ ಹೊತ್ತಿಗೆ ಉಸಿರುಗಟ್ಟಿ ಹೋಗಿರುತ್ತಾರೆ. ಕೊಲ್ಲಬೇಕು ಅಂತ ಇರಲಿಲ್ಲ ಅನ್ನುತ್ತಾರೆ. ಇರಲಿಕ್ಕಿಲ್ಲ. ಆದರೆ ಬಹುತೇಕ ಖಂಡಿತ ಸಾಯುತ್ತಾರೆ ಅನ್ನುವಷ್ಟು ಅಪಾಯದ ಕೆಲಸ ಅಂತ ಗೊತ್ತಿದ್ದೂ ಮಾಡಿದರೆ ಅದೂ ಕೊಲೆಯೇ. ಅಷ್ಟು ಗೊತ್ತಿರಲಿಲ್ಲ ಅಂತಾದರೆ ಕೊಲೆಯಲ್ಲದ ನರಹತ್ಯೆ. ಆಗ 310(3) ಅಲ್ಲಾಡುತ್ತದೆ. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಬಟ್ಟೆ ಗಂಟಲಿನ ಎಷ್ಟು ಒಳಗಿತ್ತು, ಮೂಗು ಮುಚ್ಚಿತ್ತಾ, ಪಕ್ಕೆಲುಬು ಮುರಿದಿತ್ತಾ, ಹೃದಯದ ಕಾಯಿಲೆ ಮೊದಲೇ ಇತ್ತಾ ಅನ್ನುವುದೆಲ್ಲ ಇರುತ್ತದೆ. ವೈದ್ಯರ ಕೈಬರಹ ಓದಲು ಬಾರದಿದ್ದರೆ ಟೈಪ್ ಮಾಡಿದ ಪ್ರತಿ ಕೇಳಿ.

ಇನ್ನೊಂದು ಪ್ರಶ್ನೆ ಬರುತ್ತದೆ. ದುಡ್ಡು ತೆಗೆದುಕೊಂಡಾಗಿತ್ತು, ಓಡಿಹೋಗುವಾಗ ಬೆನ್ನಟ್ಟಿದವರನ್ನು ಚುಚ್ಚಿದ, ಅದು ಡಕಾಯಿತಿಯ ಭಾಗ ಹೇಗೆ? ಮಾಲು ಹೊತ್ತು ಓಡುವುದೂ ಡಕಾಯಿತಿಯ ಭಾಗವೇ ಅಂತ ಸುಪ್ರೀಂ ಕೋರ್ಟು 1950ರ ದಶಕದಲ್ಲೇ ಹೇಳಿಬಿಟ್ಟಿದೆ. ಮಾರನೇ ದಿನ ಪಾಲಿನ ಜಗಳದಲ್ಲಿ ಒಬ್ಬರನ್ನೊಬ್ಬರು ಕೊಂದುಕೊಂಡರೆ ಅದು ಬೇರೆ ಕತೆ.

ಮನೆಯವರೇ ದರೋಡೆಕೋರನೊಬ್ಬನನ್ನು ಹೊಡೆದು ಹಾಕಿದರೆ ಆ ಸಾವು ಉಳಿದ ಕಳ್ಳರ ತಲೆಗೆ ಬರುತ್ತದಾ ಅಂತಲೂ ಕೇಳುತ್ತಾರೆ, ಅಮೆರಿಕದ ಸೀರಿಯಲ್ ನೋಡುವ ಹುಡುಗರು ಮುಖ್ಯವಾಗಿ. ಅಲ್ಲಿ ಅನೇಕ ರಾಜ್ಯಗಳಲ್ಲಿ ದೊಡ್ಡ ಅಪರಾಧ ಮಾಡುವಾಗ ಯಾರು ಸತ್ತರೂ ಅದನ್ನು ಕೊಲೆ ಅಂತ ಎಣಿಸುವ ನಿಯಮ ಇದೆ. ಅದು ಹುಟ್ಟಿದ ಇಂಗ್ಲೆಂಡಿನಲ್ಲೇ 1957ರಲ್ಲಿ ಅದನ್ನು ಕಿತ್ತುಹಾಕಿದರು. ನಮ್ಮಲ್ಲಿ ಅಂಥ ಸಾರಾಸಗಟು ನಿಯಮ ಇಲ್ಲ. 310(3)ಕ್ಕೆ ಆ ಐವರಲ್ಲೇ ಒಬ್ಬ ಕೊಲೆ ಮಾಡಿರಬೇಕು. ಮನೆಯವರಿಗೆ ಸುಲಿಗೆ ತಡೆಯಲು, ರಾತ್ರಿ ಕನ್ನ ಹಾಕುವವರನ್ನು ತಡೆಯಲು ಆತ್ಮರಕ್ಷಣೆಯ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು. ಅವಶ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು ಅನ್ನುವ ಮಿತಿಯೊಂದಿಗೆ.

ಸರಿ, ತಲೆ ನಾಲ್ಕೇ ಅಂತಾಯಿತು ಅನ್ನಿ. ಹಾಗಂತ ಬಿಡುಗಡೆ ಅಲ್ಲ. ಈಗ ಚಾರ್ಜ್‌ಶೀಟಿನಲ್ಲಿ 103, ಅಂದರೆ ಕೊಲೆಯ ಕಲಂ, ಜೊತೆಗೆ 3(5) ಅಂತ ಹುಡುಕಿ, ಹಳೇ ಕೇಸಾದರೆ 302 ಜೊತೆಗೆ 34. ಈ 3(5), ಹಳೇ 34, ಸಮಾನ ಉದ್ದೇಶದ ಕಲಂ. ಹಲವರು ಒಂದು ಉದ್ದೇಶ ಇಟ್ಟುಕೊಂಡು, ಅದನ್ನು ಮುಂದುವರಿಸುತ್ತಾ ಒಂದು ಅಪರಾಧ ಮಾಡಿದರೆ ಪ್ರತಿಯೊಬ್ಬನೂ ತಾನೇ ಒಬ್ಬನೇ ಮಾಡಿದಂತೆ ಹೊಣೆ.

ಇದರ ಅಪ್ಪನಂಥ ತೀರ್ಪು ಬರೇಂದ್ರ ಕುಮಾರ್ ಘೋಷ್ ಕೇಸಿನದು. 1923ರ ಆಗಸ್ಟ್ 3. ಕಲ್ಕತ್ತಾದ ಶಂಕರಿಟೋಲಾ ಪೋಸ್ಟ್ ಆಫೀಸು. ಪೋಸ್ಟ್ ಮಾಸ್ಟರ್ ಹಿಂದಿನ ಕೋಣೆಯಲ್ಲಿ ದುಡ್ಡು ಎಣಿಸುತ್ತಿದ್ದರು. ಅಂಗಳದ ಬಾಗಿಲಿಗೆ ಕೆಲವರು ಬಂದರು, ದುಡ್ಡು ಕೊಡು ಅಂದರು, ತಕ್ಷಣವೇ ಗುಂಡು ಹಾರಿಸಿದರು. ಪೋಸ್ಟ್ ಮಾಸ್ಟರ್ ಸತ್ತರು. ಬಂದವರು ದುಡ್ಡು ಮುಟ್ಟದೆ ಓಡಿದರು. ಸಿಕ್ಕಿದ್ದು ಒಬ್ಬನೇ, ಕೈಯಲ್ಲಿ ಪಿಸ್ತೂಲು. ನಾನು ಅಂಗಳದಲ್ಲಿ ನಿಂತಿದ್ದೆ, ಹೆದರಿಕೊಂಡಿದ್ದೆ, ಗುಂಡು ಹಾರಿಸಿದ್ದು ನಾನಲ್ಲ ಅಂದ. ಕೇಸು ಆಗ ನಮಗೆ ಎಲ್ಲಕ್ಕಿಂತ ಮೇಲಿನ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಅಲ್ಲಿನ ಜಡ್ಜ್ ಲಾರ್ಡ್ ಸಮ್ನರ್ ಒಪ್ಪಲಿಲ್ಲ. ಬೇರೆ ಕೆಲಸಗಳಂತೆ ಅಪರಾಧದಲ್ಲೂ ಸುಮ್ನೆ ನಿಂತು ಕಾಯುವವರು ಪಾಲುದಾರರೇ ಅನ್ನುವ ಅರ್ಥದ ಮಾತು ಹೇಳಿದರು. ನಮ್ಮ ತಾಯಂದಿರ "ಒಳಗೆ ಹೋಗಲೇ ಇಲ್ಲ" ಅನ್ನುವ ಮಾತಿಗೆ ನೂರು ವರ್ಷದ ಹಿಂದೆಯೇ ಉತ್ತರ ಬಂದಿದೆ, ಅಲ್ವಾ. 1954ರಲ್ಲಿ ನಮ್ಮ ಸುಪ್ರೀಂ ಕೋರ್ಟೂ, ಪುಣೆ ಹತ್ತಿರದ ದೇಹು ರೋಡ್ ಮಿಲಿಟರಿ ಡಿಪೋದ ಕೇಸಿನಲ್ಲಿ, ಕೋಣೆಯ ಒಳಗೇ ಇರಬೇಕಿಲ್ಲ, ಗೇಟಿನಲ್ಲಿ ಕಾವಲು ನಿಂತರೂ ಸಾಕು, ಹತ್ತಿರದ ರಸ್ತೆಯಲ್ಲಿ ಕಾರಿಟ್ಟುಕೊಂಡು ಪರಾರಿಗೆ ಕಾದರೂ ಸಾಕು ಅಂದಿತು. ಗೇಟಿನವನು, ಕಾರಿನವನು. ನಮ್ಮ ಎ4, ಎ5 ಅಂತಲೇ ಬರೆದ ಹಾಗಿದೆ.

ಆದರೂ ಇಲ್ಲಿ 310(3)ಕ್ಕಿಂತ ಉಸಿರಾಡಲು ಜಾಗ ಜಾಸ್ತಿ. ಯಾಕೆಂದರೆ ಇಲ್ಲಿ ಉದ್ದೇಶವನ್ನು ಸಾಬೀತು ಮಾಡಬೇಕು. ಸುಲಿಗೆ ಮಾಡುವ ಉದ್ದೇಶ ಎಲ್ಲರಿಗೂ ಇತ್ತು, ಸರಿ. ಕೊಲೆ ಆ ಉದ್ದೇಶವನ್ನು ಮುಂದುವರಿಸಲು ಆದದ್ದಾ, ಇಲ್ಲಾ ಒಬ್ಬ ತನ್ನ ತಲೆ ಕೆಟ್ಟು ಮಾಡಿದ್ದಾ? 1945ರಲ್ಲಿ ಪ್ರಿವಿ ಕೌನ್ಸಿಲ್ ಮೆಹಬೂಬ್ ಶಾ ಕೇಸಿನಲ್ಲಿ ಇದೇ ವ್ಯತ್ಯಾಸ ಮಾಡಿ ಒಬ್ಬನನ್ನು ಕೊಲೆಯ ಆರೋಪದಿಂದ ಬಿಟ್ಟಿತು. ಸಿಂಧೂ ನದಿಯ ದಡದಲ್ಲಿ ಜೊಂಡು ಕೊಯ್ಯುವ ವಿಷಯಕ್ಕೆ ಶುರುವಾದ ಜಗಳ ಅದು. ಇಬ್ಬರಿಗೂ ಒಂದೇ ಥರದ ಉದ್ದೇಶ ಇರುವುದು ಬೇರೆ, ಇಬ್ಬರೂ ಸೇರಿ ಒಂದು ಉದ್ದೇಶ ಇಟ್ಟುಕೊಳ್ಳುವುದು ಬೇರೆ ಅಂತ.

ಹಾಗಾದರೆ ಫೈಲಿನಲ್ಲಿ ಏನು ಹುಡುಕಬೇಕು? ಆಯುಧ. ಮಚ್ಚು ಎಲ್ಲರ ಕಣ್ಣೆದುರೇ ಗಾಡಿಯಲ್ಲಿತ್ತಾ, ಎ1 ಅಂಗಿಯೊಳಗೆ ಬಚ್ಚಿಟ್ಟು ತಂದಿದ್ದನಾ? ಎಷ್ಟು ಜನರ ಕೈಯಲ್ಲಿತ್ತು? ಮನೆಯಲ್ಲಿ ಜನ ಇದ್ದಾರೆ ಅಂತ ಗೊತ್ತಿದ್ದೂ ಹೋದರಾ, ಮದುವೆಗೆ ಹೋಗಿದ್ದಾರೆ, ಮನೆ ಖಾಲಿ ಅಂತ ನಂಬಿ ಹೋದರಾ? ಮೊದಲ ಏಟು ಬಿದ್ದ ಮೇಲೆ ಉಳಿದವರು ಏನು ಮಾಡಿದರು? ಬಿಡೋ ಅಂತ ಕೂಗಿದರಾ, ಅಜ್ಜನ ಕಾಲು ಹಿಡಿದರಾ? ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರಾ ಅನ್ನುವುದೂ ಮುಖ್ಯ. ಮುಖ ಮುಚ್ಚಿಕೊಂಡು ಹೋದವರು, ಸಾಕ್ಷಿಯನ್ನು ಬದುಕಲು ಬಿಟ್ಟು ಬರುವ ಯೋಚನೆಯಲ್ಲಿದ್ದರು ಅಂತ ನಾನು ಒಂದು ಸಲ ವಾದ ಮಾಡಿದ್ದೆ. ಜಡ್ಜ್ ನಕ್ಕರು, ಆದರೆ ಬರೆದುಕೊಂಡರು.

ಕೊಲೆಯ ಕಲಂ ತಪ್ಪಿದರೂ ಎರಡು ಬಲೆ ಉಳಿದಿರುತ್ತವೆ. ಒಂದು 309(6), ಹಳೇ 394. ಸುಲಿಗೆ ಮಾಡುವಾಗ ಯಾರಾದರೂ ಒಬ್ಬ ಗಾಯ ಮಾಡಿದರೆ ಸುಲಿಗೆಯಲ್ಲಿ ಜೊತೆಗಿದ್ದವರಿಗೆಲ್ಲ ಜೀವಾವಧಿ ಇಲ್ಲವೇ 10 ವರ್ಷದವರೆಗೆ ಸಜೆ. ಇನ್ನೊಂದು 331(8), ಹಳೇ 460. ರಾತ್ರಿ ಕನ್ನ ಹಾಕಿ ಮನೆಗೆ ನುಗ್ಗಿದಾಗ ಒಬ್ಬ ಸಾವು ತಂದರೆ ಆ ನುಗ್ಗುವಿಕೆಯಲ್ಲಿ ಸೇರಿದ್ದವರಿಗೆಲ್ಲ ಅಷ್ಟೇ ಶಿಕ್ಷೆ. ಇವೆರಡರಲ್ಲೂ ಕೊಲ್ಲುವ ಉದ್ದೇಶ ಎಲ್ಲರಿಗೂ ಇತ್ತು ಅಂತ ತೋರಿಸಬೇಕಿಲ್ಲ.

ಒಂದೇ ಒಂದು ಕಲಂ ಮಾತ್ರ ಪಕ್ಕದವನಿಗೆ ಅಂಟುವುದಿಲ್ಲ. 311, ಹಳೇ 397. ಸುಲಿಗೆ ಅಥವಾ ಡಕಾಯಿತಿಯಲ್ಲಿ ಮಾರಕ ಆಯುಧ ಬಳಸಿದವನಿಗೆ 7 ವರ್ಷಕ್ಕೆ ಕಡಿಮೆ ಇಲ್ಲದ ಸಜೆ. ಬಳಸಿದವನಿಗೆ ಮಾತ್ರ. 1975ರಲ್ಲಿ ಫೂಲ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೀಗೆ ಹೇಳಿದೆ. ಹೆದರಿಸಲು ತೋರಿಸಿದರೂ ಬಳಸಿದ ಹಾಗೆಯೇ, ಆದರೆ ತೋರಿಸಿದ ಕೈ ಅವನದೇ ಆಗಿರಬೇಕು. ಚಾರ್ಜ್‌ಶೀಟ್ ಬರೆಯುವವರು ಅಭ್ಯಾಸಬಲದಿಂದ ಎ1ರಿಂದ ಎ7ರವರೆಗೆ ಎಲ್ಲರ ಮೇಲೂ ಇದನ್ನು ಹಾಕಿರುತ್ತಾರೆ. ಡಿಸ್ಚಾರ್ಜ್ ಹಂತದಲ್ಲೇ, ಅಂದರೆ ವಿಚಾರಣೆ ಶುರುವಾಗುವ ಮೊದಲೇ ಆರೋಪ ಕೈಬಿಡಿ ಅಂತ ಕೇಳುವ ಹಂತದಲ್ಲೇ, ಇದನ್ನು ಎತ್ತಬಹುದು. ಹೊಸ ಕಾನೂನಿನಲ್ಲಿ ಕೇಸು ಸೆಷನ್ಸ್‌ಗೆ ಒಪ್ಪಿಸಿದ ದಿನದಿಂದ 60 ದಿನದೊಳಗೆ ಡಿಸ್ಚಾರ್ಜ್ ಅರ್ಜಿ ಹಾಕಬೇಕು. ಆಮೇಲೆ ನೋಡೋಣ ಅನ್ನುವ ವಕೀಲರಿಗೆ ಈ ಮಾತು ನೆನಪಿಸಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಈಗ ಮನೆಯಲ್ಲಿ ಮಲಗಿದ್ದ ಎ6. ಇವನ ಮನೆಯವರು ಎಲ್ಲರಿಗಿಂತ ಜಾಸ್ತಿ ಧೈರ್ಯವಾಗಿ ಬರುತ್ತಾರೆ. ಊರಲ್ಲೇ ಇದ್ದ, ಹತ್ತು ಜನ ಸಾಕ್ಷಿ ಇದ್ದಾರೆ ಅನ್ನುತ್ತಾರೆ. ಅವನ ಮೇಲೆ ಬರುವುದು ಒಳಸಂಚು, ಬಿಎನ್‌ಎಸ್ 61, ಮತ್ತು ಕುಮ್ಮಕ್ಕು. ಕುಮ್ಮಕ್ಕಿನಲ್ಲಿ 51ನೇ ಕಲಂ ಓದಲೇಬೇಕು, ಹಳೇ 111. ನೀನು ಒಂದು ಕೆಲಸಕ್ಕೆ ಕುಮ್ಮಕ್ಕು ಕೊಟ್ಟೆ, ಅವರು ಇನ್ನೊಂದು ಮಾಡಿದರು. ಆ ಇನ್ನೊಂದು, ನಿನ್ನ ಕುಮ್ಮಕ್ಕಿನಿಂದ ಆಗಬಹುದಾದದ್ದೇ ಆಗಿದ್ದರೆ ಅದಕ್ಕೂ ನೀನು ಹೊಣೆ. ಕಾನೂನಿನಲ್ಲೇ ಕೊಟ್ಟಿರುವ ಉದಾಹರಣೆ ನಮ್ಮ ಕಟ್ಟುಕತೆಯ ಅಣ್ಣತಮ್ಮ. ಒಬ್ಬ ಇಬ್ಬರನ್ನು ಹುರಿದುಂಬಿಸಿ, ಆಯುಧ ಕೊಟ್ಟು, ನಡುರಾತ್ರಿ ಜನರಿರುವ ಮನೆಗೆ ಸುಲಿಗೆಗೆ ಕಳಿಸುತ್ತಾನೆ. ಮನೆಯವನೊಬ್ಬ ಎದುರು ಬೀಳುತ್ತಾನೆ, ಅವರು ಅವನನ್ನು ಕೊಲ್ಲುತ್ತಾರೆ. ಕಳಿಸಿದವನಿಗೂ ಕೊಲೆಯ ಶಿಕ್ಷೆ. 1860ರಲ್ಲಿ ಬರೆದ ಉದಾಹರಣೆ ಅದು. ನಮ್ಮ ಎ6 ಆಯುಧ ಕೊಟ್ಟಿರಲಿಲ್ಲ, ಬೀರು ಎಲ್ಲಿದೆ ಅಂತ ಹೇಳಿದ್ದ ಅಷ್ಟೇ. ಮಚ್ಚು ತೆಗೆದುಕೊಂಡು ಹೋಗುತ್ತಾರೆ ಅಂತ ಗೊತ್ತಿತ್ತಾ ಅನ್ನುವುದೇ ಅವನ ಕೇಸು.

ಎ7ಗೆ ಕದ್ದ ಮಾಲು ಇಟ್ಟುಕೊಂಡ ಕಲಂ, 317. ಡಕಾಯಿತಿಯ ಮಾಲು ಅಂತ ಗೊತ್ತಿದ್ದೇ ತೆಗೆದುಕೊಂಡಿದ್ದರೆ ಜೀವಾವಧಿಯವರೆಗೂ ಹೋಗಬಹುದು. ಅವನು ಇಲ್ಲಿಗೆ ಸಾಕು.

ಕಲಂ ಇಷ್ಟಾಯಿತು. ಆದರೆ ಕೇಸು ನಿಲ್ಲುವುದು ಪುರಾವೆಯ ಮೇಲೆ. ನಿಮ್ಮ ಹುಡುಗನ ಹೆಸರು ಚಾರ್ಜ್‌ಶೀಟಿಗೆ ಬಂದದ್ದು ಎಲ್ಲಿಂದ ಅಂತ ಹುಡುಕಿ. ಬಹಳ ಸಲ ಅದು ಎ1ನ ಸ್ವಇಚ್ಛಾ ಹೇಳಿಕೆಯಿಂದ ಬಂದಿರುತ್ತದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ, ಕೊಟ್ಟವನ ಮೇಲೂ ಇಲ್ಲ, ಪಕ್ಕದವನ ಮೇಲೂ ಇಲ್ಲ. ಅದರಲ್ಲಿ ನಡೆಯುವುದು ಒಂದು ತುಣುಕು ಮಾತ್ರ. ಅವನು ತೋರಿಸಿದ ಜಾಗದಲ್ಲಿ ಮಚ್ಚೋ ಬಳೆಯೋ ಸಿಕ್ಕಿದ್ದರೆ, ಆ ಸಿಕ್ಕಿದ್ದಕ್ಕೆ ನೇರವಾಗಿ ಸೇರಿದ ಮಾತು ಅಷ್ಟೇ. ಆದ್ದರಿಂದ ಜಪ್ತಿ ಮಹಜರು ನೋಡಿ. ಪಂಚರು ಯಾರು, ಅದೇ ಇಬ್ಬರು ಎಲ್ಲ ಮಹಜರಿಗೂ ಸಹಿ ಹಾಕಿದ್ದಾರಾ, ವಿಡಿಯೋ ಮಾಡಿದ್ದಾರಾ? ಹೊಸ ಕಾನೂನಿನಲ್ಲಿ ಶೋಧನೆ ಮತ್ತು ಜಪ್ತಿಯ ವಿಡಿಯೋ ಮಾಡಬೇಕು. ಕದ್ದ ಮಾಲು ಕೆಲವೇ ದಿನದಲ್ಲಿ ನಿಮ್ಮ ಹುಡುಗನ ಹತ್ತಿರ ಸಿಕ್ಕಿದ್ದರೆ ಮಾತ್ರ ಕಷ್ಟ. ಅದು ಹೇಗೆ ಬಂತು ಅಂತ ಅವನು ಹೇಳದಿದ್ದರೆ ಕೋರ್ಟು ತನ್ನ ಪಾಡಿಗೆ ಊಹೆ ಮಾಡಬಹುದು. ಅಜ್ಜಿ ಗುರುತು ಹಿಡಿದಿದ್ದಾರೆ ಅಂತಿದ್ದರೆ ಗುರುತಿನ ಪರೇಡ್ ಯಾವತ್ತು ಆಯಿತು, ಅದಕ್ಕೂ ಮೊದಲು ಟಿವಿಯಲ್ಲಿ ಇವರ ಮುಖ ಬಂದಿತ್ತಾ ಅಂತ ನೋಡಿ.

ಮಾಫಿ ಸಾಕ್ಷಿ ಆಗಬಹುದಾ ಅಂತ ಪಿಸುಮಾತಿನಲ್ಲಿ ಕೇಳುತ್ತಾರೆ. ಆಗಬಹುದು. ಗೊತ್ತಿದ್ದದ್ದನ್ನು ಪೂರ್ತಿ, ನಿಜವಾಗಿ ಹೇಳುವ ಷರತ್ತಿನ ಮೇಲೆ ಕೋರ್ಟು ಕ್ಷಮೆ ಕೊಡುತ್ತದೆ. ಅರ್ಧ ಹೇಳಿ ಅರ್ಧ ಮುಚ್ಚಿಟ್ಟರೆ ಕ್ಷಮೆಯೂ ಹೋಗುತ್ತದೆ, ಜೊತೆಗಿದ್ದವರ ದ್ವೇಷವೂ ಉಳಿಯುತ್ತದೆ. ಇದನ್ನು ಉಳಿದ ಆರೋಪಿಗಳ ವಕೀಲರ ಹತ್ತಿರ ಚರ್ಚೆ ಮಾಡಬೇಡಿ. ಐದು ಜನಕ್ಕೂ ಒಬ್ಬರೇ ವಕೀಲರು ಅಂತ ಖರ್ಚು ಉಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎ1ನನ್ನು ಉಳಿಸುವ ವಾದವೂ ಎ5ನನ್ನು ಉಳಿಸುವ ವಾದವೂ ಒಂದೇ ಬಾಯಲ್ಲಿ ಬರುವುದಿಲ್ಲ. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವನಿಗೆ ಉಚಿತವಾಗಿ ವಕೀಲರನ್ನು ಕೊಡಬೇಕು.

ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಸುತ್ತು ಹಾಕಿಕೊಳ್ಳಿ. ಹುಡುಗನನ್ನು ಮೊದಲ ಸಲ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿ ಕಸ್ಟಡಿಗೆ ಕೊಟ್ಟ ದಿನದಿಂದ 90 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಅವನ ಹಕ್ಕು, ಕೊಲೆ ಕೇಸಾದರೂ ಸರಿ. ಆದರೆ ಅರ್ಜಿ ಚಾರ್ಜ್‌ಶೀಟ್ ಬರುವ ಮೊದಲೇ ಕೊಟ್ಟಿರಬೇಕು. 91ನೇ ದಿನ ಬೆಳಗ್ಗೆ ನೀವು ಕೋರ್ಟಿನ ಬಾಗಿಲಲ್ಲಿರಬೇಕು, ಮಧ್ಯಾಹ್ನ ಅಲ್ಲ.

ಜೀವಾವಧಿ ಅಂದರೆ 14 ವರ್ಷ ಅಂತ ಊರಲ್ಲಿ ಯಾರೋ ಹೇಳಿರುತ್ತಾರೆ. ತಪ್ಪು. ಜೀವಾವಧಿ ಅಂದರೆ ಜೀವ ಇರುವವರೆಗೆ. ಮರಣದಂಡನೆಯೂ ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಬಿದ್ದರೆ, ಸರ್ಕಾರ ಬಿಡುಗಡೆಯ ವಿಷಯ ನೋಡಬೇಕಾದರೂ ಮೊದಲು 14 ವರ್ಷ ಒಳಗೆ ಕಳೆದಿರಬೇಕು. ಆಮೇಲೂ ಬಿಡಲೇಬೇಕು ಅಂತಿಲ್ಲ.

ನನ್ನ ಹತ್ತಿರ ಬರುವಾಗ ತರಬೇಕಾದದ್ದು ಇಷ್ಟು. ಚಾರ್ಜ್‌ಶೀಟಿನ ಪೂರ್ತಿ ಪ್ರತಿ, ಅದನ್ನು ಕೋರ್ಟಿನವರು ಉಚಿತವಾಗಿ ಕೊಡಬೇಕು, ಚಾರ್ಜ್‌ಶೀಟ್ ಆದ ಮೇಲೆ ಹುಡುಗನನ್ನು ಹಾಜರುಪಡಿಸಿದ 14 ದಿನದೊಳಗೆ. ರಿಮ್ಯಾಂಡ್ ಅರ್ಜಿಯ ಪ್ರತಿ, ಅಂದರೆ ಹುಡುಗನನ್ನು ಕಸ್ಟಡಿಗೆ ಕೊಡಿ ಅಂತ ಪೊಲೀಸರು ಕೊಟ್ಟ ಅರ್ಜಿ. ಬಂಧಿಸಿದಾಗ ಮನೆಗೆ ಕೊಟ್ಟ ನೋಟಿಸು. ಆ ರಾತ್ರಿ ಹುಡುಗನ ಫೋನ್ ಯಾರ ಕೈಯಲ್ಲಿತ್ತು ಅನ್ನುವ ನಿಜ, ಮನೆಯವರು ಕಟ್ಟಿದ ಕತೆ ಬೇಡ. ಮತ್ತು ಶಾಲೆಯ ವರ್ಗಾವಣೆ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಇದನ್ನು ಯಾರೂ ತರುವುದಿಲ್ಲ. ಎಫ್‌ಐಆರ್‌ನಲ್ಲಿ ವಯಸ್ಸು 19 ಅಂತ ಅಂದಾಜಿಗೆ ಬರೆದಿರುತ್ತಾರೆ. ಘಟನೆಯ ದಿನ ಅವನಿಗೆ 18 ತುಂಬಿರಲಿಲ್ಲ ಅಂತ ಶಾಲೆಯ ದಾಖಲೆ ಹೇಳಿದರೆ ಕೇಸೇ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. 16 ದಾಟಿದ್ದರೆ ಘೋರ ಅಪರಾಧ ಅಂತ ದೊಡ್ಡವರಂತೆ ವಿಚಾರಣೆ ಆಗುವ ಸಾಧ್ಯತೆ ಇದೆ, ಆದರೂ ಗಲ್ಲು ಇಲ್ಲ. ಈ ಪ್ರಶ್ನೆಯನ್ನು ಕೇಸಿನ ಯಾವ ಹಂತದಲ್ಲಾದರೂ ಎತ್ತಬಹುದು. ಹೋದ ವರ್ಷ ಒಬ್ಬ ತಾಯಿ ಮೂರನೇ ಸಲ ಬಂದಾಗ, ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡಿನ ಜೊತೆ ಮಡಚಿಟ್ಟ ಟಿಸಿ ಸಿಕ್ಕಿತು. ಕೇಳಿದ್ದು ನಾನೇ, ಅದೂ ಮೂರನೇ ಸಲ. ಮೊದಲ ದಿನವೇ ಕೇಳಬೇಕಿತ್ತು.

ಸೋಮವಾರ ಬರಬೇಡಿ, ಜನ ಜಾಸ್ತಿ. ಬುಧವಾರ ಸಂಜೆ ಐದರ ಮೇಲೆ ಬನ್ನಿ. ಮೆಟ್ಟಿಲು ಕಡಿದು, ನಿಧಾನ.